ಊರಲ್ಲಿ ಉಪನಯನ, ತಂಬಿಲ, ಮದುವೆ ಸಾಲಾಗಿ ಇದೆ, ಕಳೆದ ಸಲದ ಥರ ಹಾಸಿಗೆ ಹಿಡಿಯದೆ ವಾಪಸ್ ಬರೋದು ಹೇಗೆ?

ಮುಳ್ಳೇರಿಯದ ಸೊಸೆ
ಏಪ್ರಿಲ್ 11, ರಾತ್ರಿ 10.40

ಎಲ್ರಿಗೂ ನಮಸ್ಕಾರ. ನಾನು ತುಮಕೂರಿನವಳು, ಮದುವೆಯಾಗಿ ಹೋಗಿರೋದು ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ರದ ಮನೆಗೆ, ಇರೋದು ಬೆಂಗಳೂರಲ್ಲಿ. ಈ ಮೇ ತಿಂಗಳಲ್ಲಿ ಊರಲ್ಲಿ ಒಂಬತ್ತು ದಿನಕ್ಕೆ ಮೂರು ಕಾರ್ಯಕ್ರಮ. ಮೊದಲು ಭಾವನ ಮಗನ ಉಪನಯನ, ಮೂರು ದಿನ ಬಿಟ್ಟು ತರವಾಡು ಮನೇಲಿ, ಅಂದ್ರೆ ಕುಟುಂಬದ ಮೂಲ ಮನೇಲಿ, ತಂಬಿಲ (ದೈವಗಳಿಗೆ ಮಾಡೋ ಪೂಜೆ), ಕೊನೆಗೆ ಕುಂಬಳೆ ಕಡೆ ಹಾಲ್‌ನಲ್ಲಿ ಮದುವೆ. ಹೊರಟಿರೋದು ನಾನು, ಮನೆಯವ್ರು, 5 ವರ್ಷದ ಮಗಳು, ಜೊತೆಗೆ ನಮ್ಮಮ್ಮ. ಅಮ್ಮನಿಗೆ 68, ಶುಗರ್ ಇದೆ, ಬೆಳಿಗ್ಗೆ ರಾತ್ರಿ ಎರಡು ಹೊತ್ತು ಇನ್ಸುಲಿನ್, ಬೀಪಿ ಮಾತ್ರೆ ಬೇರೆ.

ಕಳೆದ ವರ್ಷದ ಕತೆ ಹೇಳ್ತೀನಿ ಕೇಳಿ, ಆಗ ನನ್ನ ಭಯ ಅರ್ಥ ಆಗುತ್ತೆ. ರಾತ್ರಿ ಬಸ್ಸು, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯೋಷ್ಟರಲ್ಲಿ ಮಗಳಿಗೆ ಮೂರು ಸಲ ವಾಂತಿ, ನಾಲ್ಕನೇ ಸಲಕ್ಕೆ ಕವರ್ ಖಾಲಿ, ನನ್ನ ದುಪಟ್ಟಾನೇ ಗತಿ ಆಯ್ತು. ಗೃಹಪ್ರವೇಶದ ದಿನ ಮಧ್ಯಾಹ್ನ ಚಪ್ಪರದಲ್ಲಿ ಕೂತಿದ್ದ ಅಮ್ಮ ಬೆವತು ನೀರಾಗಿ ಏನೇನೋ ಸಂಬಂಧವಿಲ್ಲದ ಮಾತಾಡೋಕೆ ಶುರು ಮಾಡಿದ್ರು, ಎಲ್ಲಾರೂ ಸೆಕೆ ಸೆಕೆ ಅಂತ ಬೀಸಣಿಗೆಯಲ್ಲಿ ಗಾಳಿ ಹಾಕಿದ್ರೇ ಹೊರತು ಏನಾಗಿದೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಯಾರೋ ಅಜ್ಜಿ ಬೆಲ್ಲ ನೀರು ಕುಡಿಸಿದ ಮೇಲೆ ಸರಿಹೋದ್ರು. ಮಾರನೇ ದಿನ ಮಗಳಿಗೆ ಬೇಧಿ, ರಾತ್ರಿ ಬೆಳಗಾಗೋದ್ರೊಳಗೆ ಹನ್ನೊಂದು ಸಲ, ಕಣ್ಣು ಒಳಗೆ ಹೋಗಿ ಮಗು ಹಿಂಡಿ ಹಾಕಿದ ಬಟ್ಟೆ ಥರ ಆಗಿತ್ತು, ಕಾಸರಗೋಡಿಗೆ ಓಡಿ ಡ್ರಿಪ್ ಹಾಕಿಸಿದ್ವಿ. ವಾಪಸ್ ಬಂದು ತಿಂಗಳಾಗೋ ಹೊತ್ತಿಗೆ ಮನೆಯವ್ರಿಗೆ ಜಾಂಡೀಸ್, ಹೆಪಟೈಟಿಸ್ ಎ ಅಂತ ರಿಪೋರ್ಟು, ಅದು ಆಫೀಸ್ ಕ್ಯಾಂಟೀನಿಂದು ಅಂದುಕೊಂಡ್ವಿ, ಆ ವಿಷ್ಯ ಬೇರೆ ಬಿಡಿ.

ಈ ಸಲ ಏನೇನು ನೋಡ್ಕೋಬೇಕು ಹೇಳಿ ಪ್ಲೀಸ್. ಹೋಗದೇ ಇರಿ ಅಂತ ಮಾತ್ರ ಹೇಳ್ಬೇಡಿ, ಅದು ಆಗೋ ಮಾತಲ್ಲ.


ಟ್ರಾವೆಲರ್ ಓಡಿಸುವವ
ಏಪ್ರಿಲ್ 11, ರಾತ್ರಿ 11.55

ಅಕ್ಕ, ನಾನು ಬೆಂಗಳೂರು ಕಾಸರಗೋಡು 14 ವರ್ಷದಿಂದ ಓಡಿಸ್ತಾ ಇದ್ದೇನೆ, ವಾಂತಿಯ ವಿಷಯದಲ್ಲಿ ನನಗೆ ಡಾಕ್ಟ್ರೇಟ್ ಕೊಡ್ಬಹುದು. ಸೀಟು ಬುಕ್ ಮಾಡುವಾಗಲೇ ಹಿಂದಿನದ್ದು ಬೇಡ, ಚಕ್ರದ ಮೇಲಿನದ್ದೂ ಬೇಡ, ಮುಂದೆ ಅಥವಾ ಎರಡು ಚಕ್ರದ ನಡುವೆ ತಗೊಳ್ಳಿ. ಸ್ಲೀಪರಲ್ಲಿ ಮೇಲಿನ ಬರ್ತ್ ಘಾಟಿಯಲ್ಲಿ ತೊಟ್ಟಿಲ ಹಾಗೆ ತೂಗ್ತದೆ.

ಮಗು ಹಠ ಮಾಡ್ತದೆ ಅಂತ ಮೊಬೈಲು ಕೊಡ್ತಾರಲ್ಲ, ಅಲ್ಲೇ ಕೆಲಸ ಕೆಡುವುದು. ಒಮ್ಮೆ ನನ್ನ ಗಾಡಿಯಲ್ಲಿ ಬಂದ ಡಾಕ್ಟ್ರು ಹೇಳಿದ್ದು, ಕಿವಿಯ ಒಳಗಿನ ಬ್ಯಾಲೆನ್ಸು ಹೇಳ್ತದಂತೆ ನಾವು ತಿರುಗ್ತಾ ಇದ್ದೇವೆ ಅಂತ, ಕಣ್ಣು ಸ್ಕ್ರೀನ್ ನೋಡಿ ಹೇಳ್ತದಂತೆ ಇಲ್ಲ ಎಂತದೂ ಅಲ್ಲಾಡ್ತಾ ಇಲ್ಲ ಅಂತ, ಇಬ್ಬರ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ. ಎಚ್ಚರ ಇದ್ದರೆ ಎದುರಿನ ಗ್ಲಾಸಲ್ಲಿ ದೂರ ನೋಡ್ಲಿ, ಇಲ್ಲದಿದ್ರೆ ಕಣ್ಣು ಮುಚ್ಚಿ ಮಲಗ್ಲಿ. ಹೊಟ್ಟೆ ಖಾಲಿಯೂ ಬೇಡ, ತುಂಬಾನೂ ಬೇಡ, ಎರಡು ಇಡ್ಲಿ ಸಾಕು. ಮಸಾಲೆ ದೋಸೆ ತಿನ್ನಿಸಿ ಹತ್ತಿಸಿದ ಮಕ್ಕಳನ್ನು ನಾನು ದೂರದಿಂದ್ಲೇ ಗುರುತು ಹಿಡಿಯುತ್ತೇನೆ.

ಇನ್ನೊಂದು, ಇದು ಯಾರೂ ಹೇಳುವುದಿಲ್ಲ. ಮಡಿಕೇರಿಯಲ್ಲಿ ಚಳಿ ಅಂತ ಸ್ವೆಟರ್, ಟೊಪ್ಪಿ, ಮೇಲೆ ಕಂಬಳಿ. ಸಂಪಾಜೆ ಇಳಿದ ಕೂಡ್ಲೇ ಸೆಕೆ. ಮಗು ನಿದ್ದೆಯಲ್ಲೇ ಬೆವರಿ ಹೊಟ್ಟೆ ತೊಳಸಿಕೊಂಡು ಏಳ್ತದೆ. ಘಾಟಿ ಶುರುವಾಗುವಾಗ್ಲೇ ಸ್ವೆಟರ್ ತೆಗೀರಿ, ಅರ್ಧ ವಾಂತಿ ಅಲ್ಲಿಗೇ ನಿಲ್ತದೆ. ಕವರು ಮಾತ್ರ ಹತ್ತು ಇಟ್ಕೊಳ್ಳಿ, ಒಂದರೊಳಗೆ ಒಂದು ಹಾಕಿ.

ರೈಲಿನಲ್ಲಿ ಆಗುದಾದ್ರೆ ಅದೇ ಒಳ್ಳೇದು, ಬೆಂಗಳೂರು ಕಣ್ಣೂರು ರೈಲು ಸಕಲೇಶಪುರ, ಸುಬ್ರಹ್ಮಣ್ಯ, ಮಂಗಳೂರು ಸುತ್ತಿಕೊಂಡು ಬೆಳಿಗ್ಗೆ ಕಾಸರಗೋಡಿಗೆ ಬರ್ತದೆ, ಅಲ್ಲಿಂದ ಚೆರ್ಕಳ ಬೋವಿಕ್ಕಾನ ಆಗಿ ನಿಮ್ಮ ಮುಳ್ಳೇರಿಯ. ಹೀಗೆ ಹೇಳಿ ನನ್ನ ಹೊಟ್ಟೆಗೇ ಹೊಡ್ಕೊಳ್ತಾ ಇದ್ದೇನೆ.


ಮದ್ದಿನಂಗಡಿ
ಏಪ್ರಿಲ್ 12, ಬೆಳಿಗ್ಗೆ 7.20

ಬದಿಯಡ್ಕ ಕಡೆ ಮದ್ದಿನ ಅಂಗಡಿ, 22 ವರ್ಷ ಆಯ್ತು. ಪ್ರತಿ ಮೇ ತಿಂಗಳಲ್ಲಿ ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಹೋಗುವುದು ಓಆರ್‌ಎಸ್, ಮತ್ತೆ ಬೇಧಿ ನಿಲ್ಲುವ ಮಾತ್ರೆ ಕೇಳಿಕೊಂಡು ಬರುವ ಬೆಂಗಳೂರು ನಂಟರು.

ಮೊದಲು ವಾಂತಿ ಮಾತ್ರೆ. ಮನೆಯಲ್ಲಿ ಉಳಿದ ಒಂಡಾನ್‌ಸೆಟ್ರಾನ್ ಸಿರಪ್ಪನ್ನು ಬಸ್ಸಿಗೆ ಮೊದಲು ಕುಡಿಸ್ತಾರೆ, ಅದು ಹೊಟ್ಟೆ ಕೆಟ್ಟು ಬರುವ ವಾಂತಿಗೆ ಒಳ್ಳೇದು, ಘಾಟಿಯ ವಾಂತಿಗೆ ಅಷ್ಟಾಗಿ ನಾಟುವುದಿಲ್ಲ. ಪ್ರಯಾಣಕ್ಕೆ ಬೇರೆಯೇ ಮಾತ್ರೆ ಉಂಟು, ಹೊರಡುವ ಅರ್ಧ ಒಂದು ಗಂಟೆ ಮೊದಲೇ ಹೊಟ್ಟೆಗೆ ಹೋಗಿರ್ಬೇಕು, ವಾಂತಿ ಶುರುವಾದ ಮೇಲೆ ಕೊಟ್ರೆ ಅದೂ ಹೊರಗೆ ಬರ್ತದೆ. ನಿದ್ದೆ ಬರಿಸ್ತದೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೂಡದು, ನಿಮ್ಮ ಮಗಳಿಗೆ ತೂಕ ನೋಡಿ ಡಾಕ್ಟ್ರು ಬರೆದು ಕೊಡ್ತಾರೆ.

ಇನ್ನು ನೀವು "ಆ ವಿಷ್ಯ ಬೇರೆ ಬಿಡಿ" ಅಂದದ್ದಕ್ಕೆ ಬರ್ತೇನೆ. ಅದು ಬೇರೆ ವಿಷಯ ಅಲ್ಲದೆಯೂ ಇರಬಹುದು ಅಕ್ಕ. ಹೆಪಟೈಟಿಸ್ ಎ ವೈರಸ್ಸು ಹೊಟ್ಟೆಗೆ ಹೋದ ಮೇಲೆ ಕಾಣಿಸಿಕೊಳ್ಳಲಿಕ್ಕೆ 15 ದಿನದಿಂದ 50 ದಿನ, ಸಾಧಾರಣ ನಾಲ್ಕು ವಾರ ತಗೊಳ್ತದೆ. ನಿಮ್ಮ ಯಜಮಾನ್ರಿಗೆ ಕಣ್ಣು ಹಳದಿ ಆದ ದಿನದಿಂದ ನಾಲ್ಕು ವಾರ ಹಿಂದೆ ಲೆಕ್ಕ ಹಾಕಿ, ಎಲ್ಲಿಗೆ ಹೋಗಿ ನಿಲ್ತದೆ ನೋಡಿ. ಕ್ಯಾಂಟೀನ್ ಅಲ್ಲವೇ ಅಲ್ಲ ಅಂತ ನಾನು ಹೇಳುವುದಿಲ್ಲ, ಆದ್ರೆ ಕೇರಳದಲ್ಲಿ ಮದುವೆ ಊಟ ಆಗಿ ತಿಂಗಳು ಕಳೆದ ಮೇಲೆ ಒಂದೇ ಊರಿನ ಸುಮಾರು ಜನಕ್ಕೆ ಒಟ್ಟಿಗೆ ಕಾಮಾಲೆ ಬಂದದ್ದು ಹೊಸತೇನಲ್ಲ. ಅಷ್ಟು ದಿನ ಕಳೆದಿರ್ತದೆ, ಅಂದು ಕುಡಿದ ಜ್ಯೂಸು ಯಾರಿಗೆ ನೆನಪಿರ್ತದೆ?

ನಮ್ಮ ಕಡೆ ಕಾರ್ಯಕ್ರಮಗಳಲ್ಲಿ ಕೆಂಪು ನೀರು ಕೊಡ್ತಾರೆ ಗೊತ್ತುಂಟಲ್ಲ, ಪತಿಮುಗಂ ಚಕ್ಕೆ ಹಾಕಿ ಕುದಿಸಿದ್ದು, ಇಲ್ಲದಿದ್ರೆ ಜೀರಿಗೆ ನೀರು. ಬಣ್ಣ ನೋಡಿದ ಕೂಡ್ಲೇ ಎಲ್ಲರಿಗೂ ಧೈರ್ಯ, ಕುದಿಸಿದ ನೀರು ಅಂತ. ನಾನು ಎಷ್ಟೋ ಮನೆಯಲ್ಲಿ ಹಿಂದಿನ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ ಹಂಡೆ ಒಲೆಗೆ ಇಡುವುದು, ಹನ್ನೊಂದೂವರೆಗೆ ನೆಂಟರು ಬಂದು ಬಾಯಾರಿಕೆ ಅಂತಾರೆ, ನೀರು ಇನ್ನೂ ಸುಡು ಸುಡು, ಆಗ ಒಬ್ಬ ಹುಡುಗ ಟ್ಯಾಂಕಿಯಿಂದ ಎರಡು ಬಕೆಟ್ ತಣ್ಣೀರು ತಂದು ಅದಕ್ಕೆ ಹೊಯ್ತಾನೆ. ಅಲ್ಲಿಗೆ ಕುದಿಸಿದ್ದೂ ಹೋಯ್ತು, ಸೌದೆಯೂ ದಂಡ. ಬಣ್ಣ ಮಾತ್ರ ಕೆಂಪೇ. ಕೇರಳದ ಆರೋಗ್ಯ ಇಲಾಖೆಯವರು ವರ್ಷ ವರ್ಷ ಇದನ್ನೇ ಹೇಳುವುದು, ಕುದಿಸಿದ ನೀರಿಗೆ ಹಸಿ ನೀರು ಬೆರೆಸಬೇಡಿ ಅಂತ.

ಹಾಲ್‌ನಲ್ಲಿ ಬಾಗಿಲಲ್ಲೇ ಕೊಡುವ ಬಣ್ಣದ ಜ್ಯೂಸು ಬೇಡ. ಜ್ಯೂಸಿಗಿಂತ ಅದರಲ್ಲಿ ತೇಲುವ ಐಸಿನದ್ದು ಹೆದರಿಕೆ, ಹೆಪ್ಪುಗಟ್ಟಿದ್ರೆ ವೈರಸ್ಸು ಸಾಯುವುದಿಲ್ಲ, ಸುಮ್ಮನೆ ಕಾದು ಕೂತಿರ್ತದೆ. ಕೈಗೆ ಸ್ಯಾನಿಟೈಸರ್ ಹಾಕಿದ್ರೆ ಆಯ್ತು ಅಂತ ಎಣಿಸಬೇಡಿ, ಈ ವೈರಸ್ಸಿಗೆ ಸೋಪು ನೀರೇ ಬೇಕು. ಯಜಮಾನ್ರಿಗೆ ಒಮ್ಮೆ ಬಂದು ಹೋದ ಕಾರಣ ಇನ್ನು ಅವರಿಗೆ ಹೆಪಟೈಟಿಸ್ ಎ ಬರುವುದಿಲ್ಲ, ಮಗಳಿಗೆ ಅದರ ಲಸಿಕೆ ಆಗಿದೆಯಾ ಅಂತ ಮಕ್ಕಳ ಡಾಕ್ಟ್ರ ಹತ್ರ ಇವತ್ತೇ ಕೇಳಿ, ಹೊರಡುವ ಹಿಂದಿನ ದಿನ ಅಲ್ಲ.


ಹಳೇ ಅಜ್ಜ
ಏಪ್ರಿಲ್ 12, ಬೆಳಿಗ್ಗೆ 9.05

ಇದೆಲ್ಲ ಪೇಟೆಯವರ ಹೆದರಿಕೆ ಮಾರಾಯ್ರೆ. ನಾವು ಹುಟ್ಟಿದಲ್ಲಿಂದ ಸುರಂಗದ ನೀರು ಕುಡಿದವರು. ಗುಡ್ಡ ಕೊರೆದು ತೆಗೆದ ಸುರಂಗ, ಬೇಸಗೆಯಲ್ಲೂ ಫ್ರಿಜ್ಜಿನ ಹಾಗೆ ತಣ್ಣಗೆ, ಅದರ ರುಚಿ ನಿಮ್ಮ ಬಾಟ್ಲಿ ನೀರಿಗೆ ಉಂಟಾ? ಒಬ್ಬನಿಗೂ ಎಂತದೂ ಆಗಿಲ್ಲ. ಕಾಮಾಲೆ ಬಂದ್ರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದ್ರೆ ಆಯ್ತು. ನನಗೆ ಈಗ 79.


ಮದ್ದಿನಂಗಡಿ
ಏಪ್ರಿಲ್ 12, ಬೆಳಿಗ್ಗೆ 9.40

ಅಜ್ಜಾ, ಸುರಂಗದ ನೀರಿನ ರುಚಿಗೆ ನಾನೂ ಸೋತವ, ನಮ್ಮ ಹಳೇ ಮನೆಯಲ್ಲೂ ಇತ್ತು. ಆದ್ರೆ ನಿಮಗೆ ಎಂತದೂ ಆಗದ್ದಕ್ಕೆ ಇನ್ನೊಂದು ಕಾರಣ ಉಂಟು. ಈ ವೈರಸ್ಸು ಸಣ್ಣ ಮಕ್ಕಳ ಹೊಟ್ಟೆಗೆ ಹೋದ್ರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಒಂದೆರಡು ದಿನ ಜ್ವರ ಬಂದು ಬಿಡ್ತದೆ, ಆಮೇಲೆ ಆಯುಷ್ಯಪೂರ್ತಿ ಕಾವಲು. ನಿಮ್ಮ ಕಾಲದಲ್ಲಿ ಎಲ್ಲರೂ ಆರೇಳು ವರ್ಷದೊಳಗೆ ಹಾಗೇ ದಾಟಿದವರು. ಈಗಿನ ಮಕ್ಕಳು ಫಿಲ್ಟರ್ ನೀರಲ್ಲಿ ಬೆಳೀತಾರೆ, ವೈರಸ್ಸಿನ ಮುಖವೇ ನೋಡಿರುವುದಿಲ್ಲ, ಮೊದಲ ಸಲ ನೋಡುವುದು 30, 35ಕ್ಕೆ ಯಾವುದೋ ಮದುವೆಯಲ್ಲಿ. ದೊಡ್ಡವರಿಗೆ ಬಂದ್ರೆ ಜೋರಾಗಿಯೇ ಬರ್ತದೆ. ಮತ್ತೆ ಮೇ ತಿಂಗಳಲ್ಲಿ ಸುರಂಗ ಬತ್ತಿ ನೂಲಿನಷ್ಟು ನೀರು ಬರುವಾಗ ನಾನೂರು ಜನದ ಊಟಕ್ಕೆ ನೀರು ಬರುವುದು ಟ್ಯಾಂಕರಿನಲ್ಲಿ, ಅದು ಯಾವ ಹೊಳೆಯದ್ದು, ಯಾವ ಕೆರೆಯದ್ದು ಅಂತ ಯಾರೂ ಕೇಳುವುದಿಲ್ಲ.

ನೆಲನೆಲ್ಲಿ ಬಗ್ಗೆ ನಾನು ಜಗಳಕ್ಕಿಲ್ಲ. ಕುಡಿಯುವವರು ಕುಡೀಲಿ, ಆದ್ರೆ ಕಾಮಾಲೆಯವನಿಗೆ ಮಂಪರು, ನಿಲ್ಲದ ವಾಂತಿ, ಎಲ್ಲಿಂದಾದ್ರೂ ರಕ್ತ, ಇದರಲ್ಲಿ ಒಂದು ಕಂಡ್ರೂ ಮಜ್ಜಿಗೆ ಲೋಟ ಕೆಳಗಿಟ್ಟು ಆಸ್ಪತ್ರೆಗೆ ಹೊರಡ್ಬೇಕು.


ಹೊಸದುರ್ಗದಿಂದ
ಏಪ್ರಿಲ್ 12, ಮಧ್ಯಾಹ್ನ 1.15

ಕಾರ್ಯಕ್ರಮದ ಊಟ ಬಿಡಿ, ನೆಂಟರ ಮಕ್ಕಳೆಲ್ಲ ಸೇರಿದ್ರೆ ಸಂಜೆ ಪೇಟೆಗೆ ಹೋಗಿ ಶವರ್ಮ ತಿಂತಾರೆ, ಅದರ ಮೇಲೂ ಕಣ್ಣಿರಲಿ. 2022ರ ಮೇ ತಿಂಗಳಲ್ಲೇ ಅಲ್ವಾ ನಮ್ಮ ಚೆರುವತ್ತೂರಿನಲ್ಲಿ ಶವರ್ಮ ತಿಂದು ಒಂದು ಹುಡುಗಿ ತೀರಿಹೋದದ್ದು, ಶಿಗೆಲ್ಲಾ ಬ್ಯಾಕ್ಟೀರಿಯಾ ಅಂತ ಬಂತು. ಮರು ವರ್ಷ ಕೇರಳದಲ್ಲಿ ಹಸಿ ಮೊಟ್ಟೆಯ ಮಯೊನೀಸೇ ಬಂದ್ ಮಾಡಿದ್ರು.


ನಿವೃತ್ತ ಸಿಸ್ಟರ್
ಏಪ್ರಿಲ್ 12, ಸಂಜೆ 6.30

ನಾನು 31 ವರ್ಷ ನರ್ಸ್ ಆಗಿದ್ದವಳು, ಈಗ ರಿಟೈರ್ಡ್. ಎಲ್ಲರೂ ಮಗುವಿನ ಬಗ್ಗೆ ಹೇಳಿದ್ರು, ನನಗೆ ನಿಮ್ಮ ಅಮ್ಮನದ್ದೇ ಹೆಚ್ಚು ಚಿಂತೆ ಆಯ್ತು. ಅವರಿಗೆ ಅಂದು ಆದದ್ದು ಸೆಕೆ ಅಲ್ಲಮ್ಮ, ನನ್ನ ಅಂದಾಜಲ್ಲಿ ಶುಗರ್ ಇಳಿದದ್ದು. ಬೆಲ್ಲ ನೀರು ಕುಡಿದ ಮೇಲೆ ಸರಿಯಾದ್ರು ಅಂದ್ರಲ್ಲ, ಆ ಅಜ್ಜಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಸರಿಯಾದ ಮದ್ದೇ ಕೊಟ್ಟಿದ್ದಾರೆ.

ದಿನಕ್ಕೆ ಎರಡು ಹೊತ್ತು ಅಂದ್ರೆ ಹೆಚ್ಚಾಗಿ ಮಿಕ್ಸ್ ಇನ್ಸುಲಿನ್. ಬೆಳಿಗ್ಗೆ ಎಂಟಕ್ಕೆ ಚುಚ್ಚಿದ್ದು ಮಧ್ಯಾಹ್ನದ ಊಟದ ಹೊತ್ತಿಗೂ ಕೆಲಸ ಮಾಡ್ತಾ ಇರ್ತದೆ, ಮನೆಯಲ್ಲಾದ್ರೆ ಒಂದು ಗಂಟೆಗೆ ಊಟ, ಸರಿಹೋಗ್ತದೆ. ಉಪನಯನದಲ್ಲಿ ಮುಹೂರ್ತ, ಭಿಕ್ಷೆ, ಆಶೀರ್ವಾದ ಎಲ್ಲ ಮುಗಿದು ಎಲೆ ಹಾಕುವಾಗ ಎರಡೂವರೆ. ಅಷ್ಟು ಹೊತ್ತು ಇನ್ಸುಲಿನ್ ಕಾಯ್ತದಾ? ಅದು ಇದ್ದ ಸಕ್ಕರೆಯನ್ನೇ ಇಳಿಸ್ತದೆ. ಶುಗರ್ ಇಳಿದವರಿಗೆ ಬೆವರು, ನಡುಕ, ಎದೆ ಹೊಡ್ಕೊಳ್ಳುವುದು, ಮಾತು ತಪ್ಪುವುದು. ನಮ್ಮ ಕಾಸರಗೋಡಿನ ಮೇ ತಿಂಗಳಲ್ಲಿ ಶೀಟಿನ ಚಪ್ಪರದ ಕೆಳಗೆ ಬೆವರದವರು ಯಾರು ಹೇಳಿ? ಪುರೋಹಿತರೂ ಬೆವರ್ತಾರೆ, ಮಾಣಿಯೂ ಬೆವರ್ತಾನೆ. ಹಾಗಾಗಿಯೇ ಯಾರಿಗೂ ಗೊತ್ತಾಗುವುದಿಲ್ಲ. ಬೇರೆಯವರಿಗಿಂತ ಹೆಚ್ಚು ಬೆವರಿ ಚರ್ಮ ತಣ್ಣಗಾಗಿದ್ರೆ, ಮಾತು ತಡವರಿಸಿದ್ರೆ ಗಾಳಿ ಹಾಕ್ತಾ ಕೂರ್ಬೇಡಿ.

ಗ್ಲುಕೋಮೀಟರ್ ಕೈಚೀಲದಲ್ಲೇ ಇರ್ಲಿ. 70ಕ್ಕಿಂತ ಕೆಳಗೆ ಬಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ರೆ ಇನ್ನೊಮ್ಮೆ ಕೊಡಿ. ನಿಮ್ಮ ಗಂಡನ ಮನೆ ಕಡೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಕ್ರಮ ಉಂಟಲ್ಲ, ಅಷ್ಟೂ ಒಳ್ಳೇದೇ ಆಯ್ತು. ಪಾಯಸ ಕೊಡೋಣ ಅಂತ ಹೋಗ್ಬೇಡಿ, ಅದರ ಕಾಯಿಹಾಲಿನ ಜಿಡ್ಡಿಗೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಎಂತದೂ ಹಾಕಬಾರದು, 108ಕ್ಕೆ ಫೋನು. ಆ ನಂಬ್ರ ಕರ್ನಾಟಕದಲ್ಲೂ ಕೇರಳದಲ್ಲೂ ಒಂದೇ, ಸಲಹೆ ಬೇಕಿದ್ರೆ ಕೇರಳದಲ್ಲಿ ದಿಶಾ ಸಹಾಯವಾಣಿ 1056 ಉಂಟು. ಹನ್ನೆರಡೂವರೆಗೇ ಅಮ್ಮನಿಗೆ ಅಡಿಗೆ ಕೋಣೆಯಿಂದ ಎರಡು ಇಡ್ಲಿಯೋ ಅವಲಕ್ಕಿಯೋ ಕೊಡಿಸಿ, ಪಂಕ್ತಿಗೆ ಮೊದಲು ತಿನ್ನಬಾರದು ಅಂತ ಅವರೇ ಹೇಳ್ತಾರೆ, ಕೇಳ್ಬೇಡಿ. ಡೋಸು ಮಾತ್ರ ನೀವಾಗಿ ಕಡಿಮೆ ಹೆಚ್ಚು ಮಾಡದೆ ಹೊರಡುವ ಮೊದಲು ಅವರ ಡಾಕ್ಟ್ರ ಹತ್ರ ಕೇಳಿ, ವಾಂತಿ ಬೇಧಿ ಆದ್ರೆ ಎಷ್ಟು ಅಂತಲೂ ಕೇಳಿ. ಊಟ ಸೇರ್ಲಿಲ್ಲ ಅಂತ ಪೂರ್ತಿ ನಿಲ್ಲಿಸುವುದು ಇನ್ನೊಂದು ಅಪಾಯ.

ಇನ್ಸುಲಿನ್ ಬಸ್ಸಿನ ಡಿಕ್ಕಿಗೆ ಹಾಕ್ಬೇಡಿ, ಮಡಿಲಲ್ಲಿರ್ಲಿ. ಊರಲ್ಲಿ ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರಿನ ಹತ್ರ ಬೇಡ, ಒಮ್ಮೆ ಹೆಪ್ಪುಗಟ್ಟಿದ್ರೆ ಕರಗಿದ ಮೇಲೂ ಅದನ್ನು ಬಿಸಾಡ್ಬೇಕು. ಕಾರ್ಯಕ್ರಮದ ಮನೆಯ ಫ್ರಿಜ್ಜು ಹೂವು, ಹಾಲು, ಹಿಟ್ಟು ಅಂತ ದಿನಕ್ಕೆ ನೂರು ಸಲ ತೆಗೀತಾರೆ, ನಡುವೆ ಕರೆಂಟು ಹೋಗ್ತದೆ, ಆದ್ದರಿಂದ ಪಕ್ಕದ ಮನೆಯ ಫ್ರಿಜ್ಜು ಕೇಳಿ ನೋಡಿ.

ಮಗುವಿಗೆ ಬೇಧಿ ಆದ್ರೆ ಓಆರ್‌ಎಸ್. ದೊಡ್ಡ ಪ್ಯಾಕೆಟು ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ದೊಡ್ಡ ಪ್ಯಾಕೆಟನ್ನು ಒಂದು ಲೋಟಕ್ಕೆ ಸುರಿದು ಕುಡಿಸಿ ಮಗುವನ್ನು ಇನ್ನಷ್ಟು ಕೆಡಿಸಿಕೊಂಡು ಬಂದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಕಲಸಿದ್ದು 24 ಗಂಟೆ ಕಳೆದ್ರೆ ಚೆಲ್ಲಿ. ಪ್ಯಾಕೆಟ್ ಸಿಗದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಮಟ್ಟ ಟೀ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿ ತೆಳಿಯೂ ಆಗ್ತದೆ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡ್ತಾ ಹೋಗಿ. ನಮಗೆ ಟ್ರೈನಿಂಗಲ್ಲಿ ಹೇಳ್ತಿದ್ರು, 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಬಂದು ಡ್ರಿಪ್ಪಿನ ಬಾಟ್ಲಿ ಮುಗಿದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಈ ಉಪ್ಪು ಗ್ಲುಕೋಸಿನ ನೀರನ್ನೇ ಕುಡಿಸಿ ಜನರನ್ನು ಉಳಿಸಿದ್ದು ಅಂತ. ಮಕ್ಕಳಿಗೆ ಬೇಧಿ ಕಟ್ಟುವ ಮಾತ್ರೆ ಕೊಡ್ಲೇಬೇಡಿ. ಆರು ಗಂಟೆ ಮೂತ್ರ ಹೋಗದಿದ್ರೆ, ಮಲದಲ್ಲಿ ರಕ್ತ ಕಂಡ್ರೆ, ಕರೆದ್ರೆ ಕಣ್ಣು ಬಿಡದಿದ್ರೆ ಬೆಳಗಾಗ್ಲಿ ಅಂತ ಕಾಯಬಾರದು.


ಮುಳ್ಳೇರಿಯದ ಸೊಸೆ
ಏಪ್ರಿಲ್ 12, ರಾತ್ರಿ 10.10

ಸಿಸ್ಟರ್, ಓದಿ ಕೈ ನಡುಗ್ತು. ಅಮ್ಮನಿಗೆ ಅವತ್ತು ಯಾರೋ ಅಜ್ಜಿ ಬೆಲ್ಲ ನೀರು ಕೊಡದೇ ಇದ್ದಿದ್ರೆ? ಮದ್ದಿನಂಗಡಿಯವರೇ, ಲೆಕ್ಕ ಹಾಕಿದ್ವಿ. ಮನೆಯವ್ರ ಕಣ್ಣು ಹಳದಿಯಾಗಿದ್ದು ಗೃಹಪ್ರವೇಶ ಆಗಿ 29ನೇ ದಿನ. ಅವತ್ತು ಅವ್ರು ಬಿಸಿಲಲ್ಲಿ ಓಡಾಡಿ ಆ ಕೆಂಪು ನೀರನ್ನೇ ಏಳೆಂಟು ಲೋಟ ಕುಡಿದಿದ್ರಂತೆ.

ಈಗ ನಿಜವಾದ ಪ್ರಶ್ನೆ. ಇದನ್ನೆಲ್ಲ ಅತ್ತೆಗೆ ಹೇಳೋದು ಹೇಗೆ? "ನಿಮ್ಮನೆ ನೀರು ಸರಿ ಇಲ್ಲ" ಅಂದ ಹಾಗೆ ಕೇಳಿಸುತ್ತೆ. ಹೋದ ಸಲ ಮಗಳಿಗೆ ಬಿಸ್ಲೇರಿ ತರಿಸಿದ್ದಕ್ಕೇ ಎರಡು ದಿನ ಮಾತು ಬಿಟ್ಟಿದ್ರು.


ಪೆರ್ಲದಕ್ಕ
ಏಪ್ರಿಲ್ 13, ಬೆಳಿಗ್ಗೆ 11.00

ಅಯ್ಯೋ ಇದಕ್ಕೆ ನಾನು ಹೇಳ್ತೇನೆ, ನಾನೂ ಹೊರಗಿನಿಂದ ಬಂದ ಸೊಸೆಯೇ, 19 ವರ್ಷದ ಅನುಭವ. ನೀರು ಸರಿ ಇಲ್ಲ ಅಂತ ಜನ್ಮದಲ್ಲಿ ಹೇಳ್ಬೇಡಿ. "ಡಾಕ್ಟ್ರು ಹೇಳಿದ್ದಾರೆ ಅತ್ತೆ, ಮಗುವಿಗೆ ಡ್ರಿಪ್ ಹಾಕಿದ ಮೇಲೆ ಕುದಿಸಿ ಆರಿಸಿದ್ದೇ ಕೊಡ್ಬೇಕಂತೆ" ಅನ್ನಿ. ಅತ್ತೆಯಂದಿರು ಸೊಸೆಯ ಮಾತು ಮೀರ್ತಾರೆ, ಡಾಕ್ಟ್ರ ಮಾತು ಮೀರುವುದಿಲ್ಲ. ಆಮೇಲೆ ಕೆಲಸ ನಿಮ್ಮ ಕೈಗೆ ತಗೊಳ್ಳಿ, ನಾನೇ ಕುದಿಸ್ತೇನೆ ನೀವು ಮಲಗಿ ಅಂತ. ಬೇಡ ಅನ್ನುವವರು ಯಾರು?

ಗುಟ್ಟು ಇರುವುದು ಹೊತ್ತಿನಲ್ಲಿ. ಬೆಳಿಗ್ಗೆ ಕುದಿಸಿದ್ರೆ ಆರುವುದಿಲ್ಲ, ಆರದಿದ್ರೆ ಯಾರಾದ್ರೂ ತಣ್ಣೀರು ಹೊಯ್ದೇ ಹೊಯ್ತಾರೆ. ಹಿಂದಿನ ರಾತ್ರಿ ಊಟ ಆಗಿ ಪಾತ್ರೆ ತೊಳೆಯುವ ಹೊತ್ತಿಗೆ ಬಚ್ಚಲೊಲೆಯ ಕೆಂಡ ಇನ್ನೂ ಇರ್ತದಲ್ಲ, ಆಗ ಎರಡು ದೊಡ್ಡ ಚರಿಗೆ ಇಟ್ಟು ಗುಳುಗುಳು ಕುದಿಸಿ ಮುಚ್ಚಳ ಮುಚ್ಚಿಬಿಡಿ, ಬೆಳಿಗ್ಗೆ ನೋಡುವಾಗ ಅದೇ ತಣ್ಣಗೆ. ಸೌಟು ಒಂದು ಅದಕ್ಕೇ ಬೇರೆ ಇಡಿ, ಕೈ ಅದ್ದಿ ತೆಗೆಯುವವರು ಇದ್ದೇ ಇರ್ತಾರೆ. ಮಗುವಿಗೆ ಸ್ಟೀಲ್ ಬಾಟ್ಲಿ ಹೆಗಲಿಗೆ.

ಮತ್ತೆ ಮಧ್ಯಾಹ್ನ ಮಕ್ಕಳೆಲ್ಲ ತೋಟಕ್ಕೆ ಆಡ್ಲಿಕ್ಕೆ ಓಡ್ತಾರೆ. ಮೇ ತಿಂಗಳಲ್ಲಿ ಒಂದು ಮಳೆ ಬಂದ್ರೆ ಸಾಕು, ಬಿದ್ದ ಅಡಿಕೆ ಹಾಳೆಯಲ್ಲಿ, ತೆಂಗಿನ ಗೆರಟೆಯಲ್ಲಿ ನೀರು ನಿಂತು ಡೆಂಗ್ಯೂ ಸೊಳ್ಳೆ ಆಗ್ತದೆ, ಅದು ಕಚ್ಚುವುದೂ ಹಗಲಿಗೇ. ಉದ್ದ ಕೈಯ ಅಂಗಿ ಹಾಕಿಸಿ. ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡ್ಬೇಡಿ. ಹಲಸಿನ ಹಣ್ಣು ತಿಂದು ನೀರು ಕುಡೀಬಾರದು ಅಂತ ನಮ್ಮ ಅತ್ತೆ ಈಗಲೂ ಕಣ್ಣು ಬಿಡ್ತಾರೆ, ಅದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ.


ಅಡಿಗೆ ಕೆಲಸದವ
ಏಪ್ರಿಲ್ 13, ರಾತ್ರಿ 9.45

ತಣ್ಣೀರು ಬೆರೆಸುವುದು ನಮ್ಮ ಹುಡುಗರೇ ಅಂತ ಎಲ್ಲರೂ ಬರೆದದ್ದು ನೋಡಿದೆ. ನಿಜವೇ. ಆದ್ರೆ ಹಿಂದಿನ ರಾತ್ರಿಯೇ ಹಂಡೆ ಇಡಿ ಅಂದ್ರೆ ಎಷ್ಟು ಮನೆಯವರು ಸೌದೆ, ಗ್ಯಾಸು ಕೊಡ್ತಾರೆ ಅಂತಲೂ ಕೇಳಿ.

ಊಟದ ವಿಷಯ ನಾನು ಹೇಳ್ತೇನೆ, ಇದು ನಮ್ಮೊಳಗಿನ ಮಾತು. ಹಬೆ ಏಳುವ ಸಾರು, ಕೊದಿಲು, ಅನ್ನ, ಹೋಳಿಗೆ, ಇದಕ್ಕೆ ಹೆದರ್ಬೇಡಿ. ಹೆದರ್ಬೇಕಾದ್ದು ಕಾಯಿ ಅರೆದು ಕುದಿಸದೆ ಇಡುವ ಪದಾರ್ಥಕ್ಕೆ. ತಂಬುಳಿ, ಹಸಿ ಗೊಜ್ಜು, ಚಟ್ನಿ, ಕೋಸಂಬರಿ. ನಾವು ಬೆಳಗ್ಗಿನ ಜಾವ ಮೂರಕ್ಕೆ ಕಾಯಿ ತುರಿದು ಅರೆಯುತ್ತೇವೆ, ಮೊದಲನೇ ಹಂತಿಗೆ ಬಡಿಸುವಾಗ ಒಂದೂವರೆ, ಮೂರನೇ ಹಂತಿಗೆ ಮೂರು. ಈ ಸೆಕೆಗೆ ಹನ್ನೆರಡು ಗಂಟೆ ಕೂತ ಕಾಯಿ ಎಂತಾಗಿರ್ತದೆ ನೀವೇ ಹೇಳಿ. ನನ್ನ ಹೆಂಡತಿ ಮಕ್ಕಳು ಬಂದ್ರೆ ನಾನು ಮೊದಲನೇ ಹಂತಿಯಲ್ಲೇ ಕೂರಿಸುವುದು, ಎಲೆಯ ತುದಿಯಲ್ಲಿ ಬೀಳುವ ಇಂಥದ್ದು ಮುಟ್ಬೇಡಿ ಅಂತ ಕಣ್ಣಲ್ಲೇ ಹೇಳುವುದು. ಮತ್ತೆ ರಾತ್ರಿಗೆ ಉಳಿದ ಅನ್ನ ಬಿಸಿ ಮಾಡಿ ಬಡಿಸ್ತಾರೆ, ಬಿಸಿ ಮಾಡಿದ್ರೆ ಆಯ್ತು ಅಂತ.


ಮದ್ದಿನಂಗಡಿ
ಏಪ್ರಿಲ್ 13, ರಾತ್ರಿ 10.05

ಅಡಿಗೆ ಭಟ್ರು ಹೇಳಿದ ಉಳಿದ ಅನ್ನಕ್ಕೆ ಒಂದು ಮಾತು. ಹೊರಗೆ ಗಂಟೆಗಟ್ಟಲೆ ಕೂತ ಅನ್ನದಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ ವಿಷ ಬಿಡ್ತದೆ, ಆ ವಿಷ ಮತ್ತೆ ಕುದಿಸಿದ್ರೂ ಹೋಗುವುದಿಲ್ಲ, ತಿಂದ ಕೆಲವೇ ಗಂಟೆಯಲ್ಲಿ ವಾಂತಿ. ರಾತ್ರಿಗೆ ಹೊಸತಾಗಿ ಒಂದು ಗಂಜಿ ಇಟ್ರೆ ಎಲ್ಲರಿಗೂ ಸುಖ. ಮಿಡಿ ಉಪ್ಪಿನಕಾಯಿಯೂ ಇದ್ರೆ ಇನ್ನೆಂತ ಬೇಕು.


ಮುಳ್ಳೇರಿಯದ ಸೊಸೆ
ಮೇ 24, ಸಂಜೆ 7.30

ಎಲ್ಲಾರೂ ಕೇಳ್ತಿದ್ರಿ, ವಾಪಸ್ ಬಂದು ನಾಲ್ಕು ದಿನ ಆಯ್ತು, ಇವತ್ತು ಕೂತು ಬರೀತಿದ್ದೀನಿ. ರೈಲಿಗೆ ಟಿಕೆಟ್ ಸಿಗ್ಲಿಲ್ಲ, ಬಸ್ಸಲ್ಲೇ ಹೋಗಿದ್ದು, ಮುಂದಿನ ಸೀಟು, ಡಾಕ್ಟ್ರು ಕೊಟ್ಟ ಮಾತ್ರೆ, ಘಾಟಿ ಶುರುವಾಗೋ ಮುಂಚೆ ಸ್ವೆಟರ್ ತೆಗೆದಿದ್ದು, ಒಂದೇ ಒಂದು ಸಲ ವಾಂತಿ, ಅದೂ ಜಾಲ್ಸೂರು ದಾಟಿದ ಮೇಲೆ, ಯಾಕಂದ್ರೆ ಅವರಪ್ಪ ಕದ್ದು ಚಿಪ್ಸ್ ಕೊಟ್ಟಿದ್ರು.

ಅತ್ತೆಗೆ ಪೆರ್ಲದಕ್ಕ ಹೇಳಿದ ಹಾಗೇ ಹೇಳಿದೆ, ಡಾಕ್ಟ್ರು ಹೇಳಿದ್ದಾರೆ ಅಂತ. ಮೊದಲ ದಿನ ರಾತ್ರಿ ನಾನೇ ಕುದಿಸಿಟ್ಟೆ. ಎರಡನೇ ದಿನ ನೋಡ್ತೀನಿ, ಅತ್ತೆ ಆಗಲೇ ಎರಡು ಹಿತ್ತಾಳೆ ಚರಿಗೆ ಒಲೆ ಮೇಲಿಟ್ಟು ಅದರ ಹೊಟ್ಟೆ ಮೇಲೆ ಸೀಮೆಸುಣ್ಣದಲ್ಲಿ "ಕುದಿಸಿದ್ದು, ಮುಟ್ಟಬೇಡಿ" ಅಂತ ಬರೆದಿದ್ದಾರೆ. ಉಪನಯನದ ದಿನ ಅಡಿಗೆಯವರ ಹುಡುಗ ಬಕೆಟ್ ಹಿಡ್ಕೊಂಡು ಹಂಡೆ ಹತ್ರ ಬಂದಿದ್ದಕ್ಕೆ ಅತ್ತೆ ಬೈದ ಬೈಗುಳ ಕೇಳಿ ನಾನೇ ಒಳಗೆ ಹೋಗ್ಬಿಟ್ಟೆ.

ತಂಬಿಲದ ದಿನ ತಡ ಆಯ್ತು. 12.40ಕ್ಕೆ ಅಮ್ಮ ಕಂಬಕ್ಕೆ ಒರಗಿ ಕೂತು ಸೀರೆ ಸೆರಗನ್ನೇ ನೋಡ್ತಿದ್ರು, ಕೈ ಮುಟ್ಟಿದ್ರೆ ತಣ್ಣಗೆ. ಚೆಕ್ ಮಾಡಿದ್ರೆ 58. ಇಡ್ಲಿ ಬೇಡ ಅಂತ ಹಟ ಮಾಡಿದ್ರು ಅವತ್ತು, ನಾನೂ ಜನ ಇದ್ದಾರೆ ಅಂತ ಸುಮ್ಮನಾಗಿದ್ದೆ, ನನ್ನದೇ ತಪ್ಪು. ಬೆಲ್ಲ ನೀರು ಕುಡಿಸಿ ಹದಿನೈದು ನಿಮಿಷಕ್ಕೆ ನೋಡಿದ್ರೆ 91, ಆಮೇಲೆ ಇಡ್ಲಿ ತಿಂದ್ರು. ಸುತ್ತ ಇದ್ದವರು ಆಗಲೂ ಸೆಕೆ ಅಂತಲೇ ಅನ್ನುತ್ತಿದ್ರು ಸಿಸ್ಟರ್.

ಮದುವೆ ಹಾಲ್‌ನಲ್ಲಿ ಮಾತ್ರ ಸೋತೆ. ನಾನು ಕೈ ತೊಳೆಯೋಕೆ ಹೋದಾಗ ಮಗಳು ಅಕ್ಕನ ಲೋಟದಿಂದ ಐಸ್ ಹಾಕಿದ ಜ್ಯೂಸ್ ಎರಡು ಗುಟುಕು ಕುಡಿದುಬಿಟ್ಟಿದ್ಲು. ಲಸಿಕೆ ಹಾಕಿಸಿ ಮೂರು ವಾರ ಆಗಿತ್ತು, ಆದ್ರೂ ಕ್ಯಾಲೆಂಡರ್‌ನಲ್ಲಿ ದಿನ ಎಣಿಸ್ತಿದ್ದೀನಿ. ಸದ್ಯಕ್ಕೆ ಹೊಟ್ಟೆ ಏನೂ ಕೆಟ್ಟಿಲ್ಲ.

ಒಂದು ಸಹಾಯ ಆಗ್ಬೇಕಿತ್ತು. ಅವಳ ಸ್ಟೀಲ್ ಬಾಟ್ಲಿ, ಹಸಿರು ಮುಚ್ಚಳದ್ದು, ಅಲ್ಲೇ ಜಗಲಿ ಮೇಲೆ ಬಿಟ್ಟು ಬಂದಿದ್ದೀವಿ, ಅದಿಲ್ಲದೆ ಇಲ್ಲಿ ನೀರೇ ಕುಡೀತಿಲ್ಲ. ಈ ವಾರ ಯಾರಾದ್ರೂ ಮುಳ್ಳೇರಿಯ ಕಡೆಯಿಂದ ಬೆಂಗಳೂರಿಗೆ ಬರೋರಿದ್ದಾರಾ?


ಟ್ರಾವೆಲರ್ ಓಡಿಸುವವ
ಮೇ 24, ರಾತ್ರಿ 8.15

ಶುಕ್ರವಾರ ರಾತ್ರಿ ಹೊರಡ್ತೇನೆ ಅಕ್ಕ. ಸಂಜೆ ಐದಕ್ಕೆ ಮುಳ್ಳೇರಿಯ ಪೇಟೆಗೆ ಬಾಟ್ಲಿ ಕಳಿಸ್ಲಿಕ್ಕೆ ಮಾವನಿಗೆ ಫೋನ್ ಮಾಡಿ ಹೇಳಿ. ಖಾಲಿ ಬಾಟ್ಲಿ ಕಳಿಸ್ಬಾರದು, ಎರಡು ಹಪ್ಪಳದ ಕಟ್ಟು ಕೂಡ ಇರ್ಲಿ.